ಕುದುರೆ ಮುಂದೆ, ಕುದುರೆ ಹಿಂದೆ

ಚದುರಂಗ ಮಂಡಳಿಯ ೧೯೮೩ರ ಏಪ್ರಿಲ್ ತಿಂಗಳ ಪಟ್ಟಿ ಬಂದಾಗ ಅಂಜಿನಕ್ಕ ಕೊಟ್ಟೂರಿನ ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದಳು. ಅಂಚೆಯವನು ಕಿಟಕಿಯಲ್ಲಿಟ್ಟು ಹೋದ ಮಡಚಿದ ಹಾಳೆಯನ್ನು ಹಿಟ್ಟಿನ ಕೈಯಲ್ಲೇ ಬಿಡಿಸಿ, ಒಂಟೆಯವರ ಸಾಲಿನಲ್ಲಿ ತನ್ನ ಹೆಸರು ಹುಡುಕಿದಳು. ಇರಲಿಲ್ಲ. ಕುದುರೆಯವರ ಸಾಲಿನಲ್ಲಿ ನೋಡಿದಳು. ಅಲ್ಲೂ ಇಲ್ಲ. ಹಾಳೆಯ ತೀರಾ ಅಡಿಯಲ್ಲಿ, ಹೋದ ತಿಂಗಳಷ್ಟೇ ಸೇರಿದ್ದ ಕೂಡ್ಲಿಗಿಯ ಇಬ್ಬರು ಹೊಸಬರ ಕೆಳಗೆ, ಕಾಲಾಳುಗಳ ಸಾಲಿನ ಕೊನೆಗೆ ಬರೆದಿತ್ತು: ‘ಅಂಜಿನಕ್ಕ, ಕೊಟ್ಟೂರು’.

ಮೇಲಕ್ಕೆ ಕಣ್ಣು ಹಾಯಿಸಿದಳು. ಆನೆಯವರ ಸಾಲಿನಲ್ಲಿ ಹೊಸದೊಂದು ಹೆಸರಿತ್ತು: ‘ಮಂಜಣ್ಣ, ಹಗರಿಬೊಮ್ಮನಹಳ್ಳಿ’.

"ಮಂಜಣ್ಣ ಆನಿ ಆಗ್ಯಾನಂತ!" ಎಂದು ಅವಳು ಕೂಗಿದ ದನಿಗೆ ಅಂಗಳದಲ್ಲಿ ತಟ್ಟೆ ತೊಳೆಯುತ್ತಿದ್ದ ಹುಡುಗಿಯರು ಬೆಚ್ಚಿ ನೋಡಿದರು. "ಒಂದ್ ಆಟ ಗೆದ್ದಿಲ್ಲ ಅವ. ನಾಕು ವರ್ಷದಾಗ ಒಂದಾ ಒಂದು!"

ಮೂವತ್ತಾರರ ಅಂಜಿನಕ್ಕ ಏಳನೆಯ ಈಯತ್ತೆಯವರೆಗೆ ಓದಿದವಳು. ಗಂಡ ಚೌಡಣ್ಣ ಊರಿನ ಎಣ್ಣೆ ಗಾಣದ ಎಂಜಿನ್ ನೋಡಿಕೊಳ್ಳುತ್ತಿದ್ದ. ಆಕೆ ಚದುರಂಗ ಕಲಿತದ್ದು ಈ ಅಡುಗೆಮನೆಯಲ್ಲೇ. ಯಾರೋ ದಾನಿಗಳು ಹಾಸ್ಟೆಲಿಗೆ ಒಂದು ಚದುರಂಗದ ಪೆಟ್ಟಿಗೆ ಕೊಟ್ಟಿದ್ದರು. ವಾರ್ಡನ್ ಬಾಯಿಯವರು ಹುಡುಗಿಯರನ್ನು ಕೂರಿಸಿಕೊಂಡು ಹೇಳಿಕೊಡುವಾಗ ಅಂಜಿನಕ್ಕ ಅಕ್ಕಿ ಆರಿಸುತ್ತ ಪಕ್ಕದಲ್ಲೇ ಇರುತ್ತಿದ್ದಳು. ಹುಡುಗಿಯರಿಗೆ ಎರಡೇ ವಾರದಲ್ಲಿ ಬೇಸರ ಬಂತು, ಪೆಟ್ಟಿಗೆ ಕಪಾಟು ಸೇರಿತು. ಅಂಜಿನಕ್ಕನಿಗೆ ಮಾತ್ರ ಒಂಟೆ ಓರೆಯಾಗಿ ಏಕೆ ಹೋಗುತ್ತದೆ, ಕುದುರೆ ಏಕೆ ಹಾರುತ್ತದೆ ಎಂಬುದು ತಲೆಯಲ್ಲಿ ಕೂತುಬಿಟ್ಟಿತು. ವಾರ್ಡನ್ ಬಾಯಿಯನ್ನು ಕೇಳಿ ಪೆಟ್ಟಿಗೆ ಹೊರಗೆ ತೆಗೆಸಿದಳು. ಒಂದು ವರ್ಷ ಅವರೊಂದಿಗೆ ಆಡಿ ಸೋತಳು. ಎರಡನೆಯ ವರ್ಷ ಗೆಲ್ಲತೊಡಗಿದಳು. ಅವರಿಗೆ ವರ್ಗವಾದಾಗ ಆಡಲು ಊರಲ್ಲಿ ಯಾರೂ ಉಳಿಯಲಿಲ್ಲ. ಹೋಗುವ ಮುನ್ನ ವಾರ್ಡನ್ ಬಾಯಿ ಒಂದು ವಿಳಾಸ ಬರೆದುಕೊಟ್ಟರು.

ಅದು ಹರಪನಹಳ್ಳಿಯ ನಾಗೇಂದ್ರಪ್ಪನವರ ವಿಳಾಸ. ಜಮೀನು ಅಳೆಯುವ ಕೆಲಸದಿಂದ ನಿವೃತ್ತರಾಗಿದ್ದ ಅವರು ೧೯೭೯ರಲ್ಲಿ ‘ಐದೂರು ಅಂಚೆ ಚದುರಂಗ ಮಂಡಳಿ’ ಎಂದು ಕಟ್ಟಿದ್ದರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಮತ್ತು ಸುತ್ತಲ ಹಳ್ಳಿಗಳ ನಲವತ್ತು ಜನ ಒಬ್ಬರ ಮುಖ ಒಬ್ಬರು ನೋಡದೆ ಕಾರ್ಡಿನಲ್ಲಿ ಆಡುತ್ತಿದ್ದರು. ಮಣೆಯ ಪ್ರತಿ ಮನೆಗೂ ಉದ್ದಸಾಲಿನದೊಂದು, ಅಡ್ಡಸಾಲಿನದೊಂದು ಎಂದು ಎರಡು ಅಂಕಿ. ‘೫೨–೫೪’ ಎಂದು ಬರೆದು ಡಬ್ಬಿಗೆ ಹಾಕಿದರೆ ಎರಡು ದಿನಕ್ಕೆ ಎದುರಾಳಿಯ ಕೈ ಸೇರುತ್ತಿತ್ತು, ಮತ್ತೆರಡು ದಿನಕ್ಕೆ ಅವನ ನಡೆ ಬರುತ್ತಿತ್ತು. ಒಂದು ಆಟಕ್ಕೆ ಆರೇಳು ತಿಂಗಳು. ಹಾಗಾಗಿ ಒಬ್ಬೊಬ್ಬರೂ ನಾಲ್ಕೈದು ಆಟಗಳನ್ನು ಒಟ್ಟಿಗೆ ನಡೆಸುತ್ತಿದ್ದರು. ಹೊಸಬರೆಲ್ಲ ಕಾಲಾಳು. ನಿನ್ನ ಮೆಟ್ಟಿಲಿನ ಮೂವರನ್ನು ಗೆದ್ದರೆ ಕುದುರೆ, ಅಲ್ಲಿ ಮೂವರನ್ನು ಗೆದ್ದರೆ ಒಂಟೆ, ಆಮೇಲೆ ಆನೆ, ತುದಿಯಲ್ಲಿ ಮಂತ್ರಿ. ತನಗಿಂತ ಒಂದು ಮೆಟ್ಟಿಲು ಮೇಲಿನವರನ್ನು ಯಾರು ಬೇಕಾದರೂ ಆಟಕ್ಕೆ ಕರೆಯಬಹುದಿತ್ತು. ಕರೆದರೆ ಅವರು ಆಡಲೇಬೇಕಿತ್ತು.

ಆ ಕಟ್ಟಳೆ ಅಂಜಿನಕ್ಕನಿಗೆ ಬಹಳ ಹಿಡಿಸಿತ್ತು. ಒಲೆಯ ಪಕ್ಕದ ಗೋಡೆಗೆ ಇದ್ದಿಲಿನಲ್ಲಿ ಐದು ಮಣೆ ಬರೆದುಕೊಂಡು, ಹುಣಸೆ ಬೀಜವನ್ನೂ ಗುಂಡಿಗಳನ್ನೂ ಹಲಗೆಯ ಮೇಲೆ ಸರಿಸುತ್ತ ಮೂರು ವರ್ಷದಲ್ಲಿ ಒಂಟೆಯಾಗಿದ್ದಳು. ಒಂದೊಂದು ಮೆಟ್ಟಿಲಿಗೂ ಅವಳ ತಲೆ ಬಿಸಿಯಾಗಿತ್ತು. ಹಡಗಲಿಯ ಒಬ್ಬ ಮಾಸ್ತರರ ವಿರುದ್ಧ ಒಂದು ನಡೆಗೆ ನಾಲ್ಕು ದಿನ ಯೋಚಿಸಿದ್ದಳು. ಅವತ್ತು ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು.

೮೩ರ ಜನವರಿಯಲ್ಲಿ ನಾಗೇಂದ್ರಪ್ಪನವರು ಕಟ್ಟಳೆ ಬದಲಿಸಿದರು. ಇನ್ನು ಮುಂದೆ ಕಳಿಸಿದ ಪ್ರತಿ ನಡೆಗೂ ಒಂದು ‘ಸೇವಾಂಕ’. ತಿಂಗಳ ಕೊನೆಗೆ ಎಷ್ಟು ನಡೆಯೆಂದು ಅವರಿಗೆ ಬರೆದು ತಿಳಿಸಬೇಕು. ಗೆಲುವು ಸೋಲು ಲೆಕ್ಕಕ್ಕಿಲ್ಲ, ನೂರು ಅಂಕಕ್ಕೆ ಒಂದು ಮೆಟ್ಟಿಲು. ತಿಂಗಳಿಗೆ ಇಪ್ಪತ್ತು ನಡೆ ಕಳಿಸದವರು ಒಂದು ಮೆಟ್ಟಿಲು ಕೆಳಗೆ. ಕೊನೆಯಲ್ಲಿ ಇನ್ನೊಂದು ಸಾಲು: ಕೆಳಗಿನವರು ಆಟಕ್ಕೆ ಕರೆದರೆ ಮೇಲಿನವರು ಒಲ್ಲೆ ಎನ್ನಬಹುದು.

ಆಗ ಅಂಜಿನಕ್ಕ ಅದನ್ನು ಅಷ್ಟಾಗಿ ಮನಸ್ಸಿಗೆ ಹಾಕಿಕೊಂಡಿರಲಿಲ್ಲ. ಫೆಬ್ರವರಿಯಲ್ಲಿ ನೀಲಗುಂದದಲ್ಲಿದ್ದ ಅವಳ ತಾಯಿ ಬಾವಿಕಟ್ಟೆಯಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಅಂಜಿನಕ್ಕ ಎರಡು ತಿಂಗಳು ತಾಯಿಯ ಮಗ್ಗುಲಲ್ಲಿದ್ದಳು. ಎದುರಾಳಿಗಳಿಗೆಲ್ಲ ಮೊದಲೇ ಬರೆದು ತಿಳಿಸಿದ್ದಳು, ಅವರೂ ಆಗಲಿ ಎಂದಿದ್ದರು. ಆ ಎರಡು ತಿಂಗಳಿಗೆ ಎರಡು ಮೆಟ್ಟಿಲು ಹೋಗಿತ್ತು. ಮಂಜಣ್ಣ ಜನವರಿಯಿಂದ ಹದಿನೈದು ಆಟ ಒಟ್ಟಿಗೆ ನಡೆಸಿ ಮೂರು ಮೆಟ್ಟಿಲು ಏರಿದ್ದ.

ಪಟ್ಟಿ ಬಂದ ಸಂಜೆ ಮನೆಗೆ ಬಂದವಳೇ ಗಂಡನ ಮುಂದೆ ಹಾಳೆ ಹಿಡಿದಳು. "ನೋಡ್ರಿ ಇದನ್ನ. ನಮ್ಮವ್ವ ಬಿದ್ದಿದ್ದು ನನ್ನ ಸೋಲಂತ."

ಚೌಡಣ್ಣ ಕೈಯ ಎಣ್ಣೆ ಒರೆಸಿಕೊಳ್ಳುತ್ತ, "ಹೋಗ್ಲಿ ಬಿಡು. ಆಟ ತಾನ?" ಎಂದ.

"ಆಟ ಅಂತಾನ ಸಿಟ್ಟು ಬರ್ತೈತಿ ನನಗ. ಮಳಿ ಬರಲಿಲ್ಲ ಅಂದ್ರ ಯಾರನ್ನ ಬೈಯಲಿ? ಅದನ್ನ ಯಾರೂ ಕುಂತು ಬರೆದಿಲ್ಲ. ಇದನ್ನ ಒಬ್ಬ ಮನಷಾ ಮೇಜಿನ ಮುಂದ ಕುಂತು, ಯೋಚ್ನಿ ಮಾಡಿ ಬರ್ದಾನ. ಬೇಕಂದ್ರ ಸರಿಯಾಗಿ ಬರೀಬಹುದಿತ್ತು. ಬರೀಲಿಲ್ಲ!"

ಚೌಡಣ್ಣ ಕೈ ತೊಳೆದು ಬಂದ. ಊಟಕ್ಕೆ ಕೂತ.

ಅವಳು ನಾಗೇಂದ್ರಪ್ಪನವರಿಗೆ ಕಾರ್ಡು ಬರೆದಳು. ಒಂದರಲ್ಲಿ ಹಿಡಿಯಲಿಲ್ಲ. ಸಣ್ಣ ಅಕ್ಷರದಲ್ಲಿ, ಅಂಚಿನಲ್ಲೂ ಬರೆದು, ಒಂದರ ಹಿಂದೆ ಒಂದು ಹನ್ನೊಂದು ಕಾರ್ಡು ಹಾಕಿದಳು. ‘ಗೆದ್ದವನು ಮೇಲೆ ಹೋಗುವುದು ಆಟ. ಹೆಚ್ಚು ಹೊತ್ತು ಕೂತವನು ಮೇಲೆ ಹೋದರೆ ಅದು ಹಾಜರಿ ಪುಸ್ತಕ’ ಎಂದು ಮೂರನೆಯದರಲ್ಲಿತ್ತು. ‘ಮನೆಯಲ್ಲಿ ಕಾಯಿಲೆ, ಕೆಲಸ, ಬಾಣಂತನ ಇರುವವರು ಕೆಳಗೇ ಇರಬೇಕೆಂದು ನೀವು ಬರೆದಿಲ್ಲ, ಆದರೆ ನೀವು ಬರೆದದ್ದರ ಅರ್ಥ ಅದೇ’ ಎಂದು ಏಳನೆಯದರಲ್ಲಿ. ಮೇ ತಿಂಗಳ ಪಟ್ಟಿಯಲ್ಲಿ ಅದಕ್ಕೆ ಒಂದು ಸಾಲಿನ ಉತ್ತರ ಬಂತು: ‘ಸದಸ್ಯರೊಬ್ಬರ ಸಲಹೆ ಪರಿಶೀಲನೆಯಲ್ಲಿದೆ.’

"ಹನ್ನೊಂದು ಕಾರ್ಡಿಗೆ ಒಂದು ಸಾಲು" ಎಂದು ಹಲ್ಲು ಕಚ್ಚಿದಳು ಅಂಜಿನಕ್ಕ.

ಅದೇ ವಾರ ಹೊಳಲಿನ ಜಂಬಯ್ಯನ ಕಾರ್ಡು ಬಂತು. ಆತ ಸೈಕಲ್ ರಿಪೇರಿಯವನು, ಅಂಜಿನಕ್ಕನ ಹಳೆಯ ಎದುರಾಳಿ. ಹೊಲದ ಕೆಲಸದ ತಿಂಗಳಲ್ಲಿ ಅಂಗಡಿಗೆ ರಾಶಿ ಸೈಕಲ್ ಬಂದು ಬೀಳುವುದರಿಂದ ಅವನೂ ಒಂದು ಮೆಟ್ಟಿಲು ಕೆಳಗಿಳಿದಿದ್ದ. ನಡೆಯ ಕೆಳಗೆ ಬರೆದಿದ್ದ: ‘ಮಂಜಣ್ಣನ ಜೋಡಿ ಆಡ್ತಾ ಇದೀನಿ. ನಾಲ್ಕು ತಿಂಗಳಿಂದ ಅವನ ಆನೆ ಮೂಲೆಯಿಂದ ಒಂದು ಮನೆ ಹೊರಗೆ ಬಂದು ಒಳಗೆ ಹೋಗ್ತಿದೆ. ನಾನು ಏನೇ ಮಾಡಿದರೂ ಅಷ್ಟೇ.’

ಅಂಜಿನಕ್ಕ ಆ ಕಾರ್ಡನ್ನು ಎರಡು ಸಲ ಓದಿದಳು. ಆಮೇಲೆ ಜಂಬಯ್ಯನಿಗೆ ಉತ್ತರ ಬರೆದಳು. ಕಟ್ಟಳೆಯಲ್ಲಿ ಅಂಕ ಕಾರ್ಡಿಗಲ್ಲ, ನಡೆಗೆ. ಒಂದೇ ಕಾರ್ಡಿನಲ್ಲಿ ಹತ್ತು ಆಟದ ನಡೆ ಬರೆದರೆ ಹತ್ತು ಅಂಕ. ನಾವಿಬ್ಬರೂ ಹತ್ತು ಆಟ ಶುರು ಮಾಡೋಣ. ಕುದುರೆಯನ್ನು ಹೊರಗೆ ಹಾರಿಸುವುದು, ಮತ್ತೆ ಒಳಗೆ ಹಾರಿಸುವುದು. ಬೇರೇನೂ ಬೇಡ. ಒಂದೇ ಸ್ಥಿತಿ ಮೂರು ಸಲ ಬಂದರೆ ಆಟ ಸರಿಸಮ ಎಂಬ ನಿಯಮವಿದೆ, ಆದರೆ ಇಬ್ಬರಲ್ಲಿ ಒಬ್ಬರು ಕೇಳಿದರೆ ಮಾತ್ರ. ನಾವು ಕೇಳುವುದು ಬೇಡ. ಇವರ ಮೆಟ್ಟಿಲು ಎಂಥದ್ದೆಂದು ಇವರ ಮೆಟ್ಟಿಲು ಹತ್ತಿಯೇ ತೋರಿಸೋಣ.

ಜಂಬಯ್ಯನಿಂದ ಒಂದೇ ಮಾತು ಬಂತು: ‘ಆಗಲಿ’. ಅದರ ಕೆಳಗೆ ಹತ್ತು ಸಲ ‘೭೧–೬೩’.

ಕುದುರೆ ಮುಂದೆ ಹೋಯಿತು, ಹಿಂದೆ ಬಂತು. ಜೂನಿನಲ್ಲಿ ಅಂಜಿನಕ್ಕನ ಹೆಸರು ಕಾಲಾಳುಗಳ ಮೇಲಕ್ಕೆ ಸರಿಯಿತು. ಆಗಸ್ಟಿಗೆ ಮತ್ತೆ ಒಂಟೆ. ಗೋಡೆಯ ಮೇಲಿನ ಮಣೆ ನೋಡುವ ಅಗತ್ಯವೇ ಇರಲಿಲ್ಲ. ಒಗ್ಗರಣೆ ಹಾಕಿ ಬಂದು ಕಾರ್ಡು ಬರೆದು ಮತ್ತೆ ಒಗ್ಗರಣೆಗೆ ಹೋಗಬಹುದಿತ್ತು. ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ಆನೆಯಾದ ತಿಂಗಳು ಪಟ್ಟಿ ಬಿಡಿಸುವಾಗ ತನ್ನ ಎದೆ ಹೊಡೆದುಕೊಂಡದ್ದನ್ನು ಗಮನಿಸಿದಳು. ಹೆಸರು ಮೇಲೆ ಕಂಡಾಗ ಸಂತೋಷವೂ ಆಯಿತು, ನಿಜವಾದ ಸಂತೋಷ. ಕೂಡ್ಲಿಗಿಯ ಹೊಸಬನೊಬ್ಬನ ಜೊತೆ ಅವಳದೊಂದು ಒಳ್ಳೆಯ ಆಟ ನಡೆದಿತ್ತು. ಅವನ ಒಂದು ನಡೆಗೆ ಮೂರು ದಿನ ಯೋಚಿಸಬೇಕಿತ್ತು. ಅದಕ್ಕೆ ಸಿಗುವುದು ಒಂದೇ ಅಂಕವೆಂದು ಅಂಜಿನಕ್ಕ ತಿರುಗಿಯೂ ನೋಡದೆ ಏನೋ ಒಂದು ಬರೆದು ಹಾಕಿದಳು. ಎಂಟು ದಿನಕ್ಕೆ ಸೋತಳು. ಹುಡುಗ ಬರೆದಿದ್ದ: ‘ನೀವು ಇಷ್ಟು ಸುಲಭಕ್ಕೆ ಬಿಡುತ್ತೀರೆಂದು ಅಂದುಕೊಂಡಿರಲಿಲ್ಲ.’

ಅವಳಿಗೆ ಮೈಯೆಲ್ಲ ಉರಿಯಿತು.

"ಈ ಕಟ್ಟಳಿ ಮಂಜಣ್ಣನ್ನ ಕೆಡಿಸಿದ್ದು ಒತ್ತಟ್ಟಿಗಿರಲಿ" ಎಂದಳು ಗಂಡನಿಗೆ. "ನನ್ನಾ ಕೆಡಿಸಿಬಿಡ್ತಲ್ರಿ. ಆರು ತಿಂಗಳಾತು ನಾನು ಒಂದು ನಡಿ ವಿಚಾರ ಮಾಡಿ. ಮ್ಯಾಲೆ ಮ್ಯಾಲೆ ಹೊಂಟೀನಿ, ಆಟ ಮರೀತಾ ಹೊಂಟೀನಿ."

"ಹಂಗಾದ್ರ ನಿಲ್ಲಿಸಿಬಿಡು."

"ಈಗಲ್ಲ. ಅವರೆಲ್ಲರ ಮುಂದ ನಿಲ್ಲಿಸ್ತೀನಿ."

ನವೆಂಬರಿನಲ್ಲಿ ಅವಳು ಮಂತ್ರಿಯಾದಳು. ಜಂಬಯ್ಯನೂ ಆದ. ಡಿಸೆಂಬರಿನ ಎರಡನೆಯ ಭಾನುವಾರ ಮಂಡಳಿಯ ಮೊದಲ ಸಭೆ ಕರೆದಿದ್ದರು. ಅಂಜಿನಕ್ಕ ಹಾಸ್ಟೆಲಿನ ಕೆಲಸವನ್ನು ಇನ್ನೊಬ್ಬಳಿಗೆ ಒಪ್ಪಿಸಿ, ಜಂಬಯ್ಯನ ಕಾರ್ಡುಗಳ ಕಟ್ಟನ್ನು ಕೈಚೀಲದಲ್ಲಿಟ್ಟುಕೊಂಡು, ಬೆಳಗಿನ ಬಸ್ಸಿನಲ್ಲಿ ಹರಪನಹಳ್ಳಿಗೆ ಹೋದಳು.

ನಾಗೇಂದ್ರಪ್ಪನವರ ಪಡಸಾಲೆಯಲ್ಲಿ ಇಪ್ಪತ್ತಮೂರು ಜನ ಸೇರಿದ್ದರು. ವರ್ಷಗಟ್ಟಲೆ ಆಡಿದವರು ಮೊದಲ ಸಲ ಪರಸ್ಪರ ನೋಡುತ್ತಿದ್ದರು. ಕಾರ್ಡಿನ ಅಕ್ಷರದಲ್ಲಿ ದೈತ್ಯನಂತೆ ಕಂಡಿದ್ದ ಹಡಗಲಿಯ ಮಾಸ್ತರರು ಅಂಜಿನಕ್ಕನ ಭುಜಕ್ಕೆ ಬರುತ್ತಿದ್ದರು. ಜಂಬಯ್ಯ ಉದ್ದಕ್ಕೆ, ಮೌನಿಯಾಗಿ ಗೋಡೆಗೆ ಒರಗಿದ್ದ. ನಾಗೇಂದ್ರಪ್ಪನವರು ಬಿಳಿ ಪಂಚೆ, ಕೋಟು ತೊಟ್ಟು, ಬಂದವರಿಗೆಲ್ಲ ತಾವೇ ಮಂಡಕ್ಕಿ ಹಂಚುತ್ತಿದ್ದರು. ಅವರನ್ನು ನೋಡಿದರೆ ಸಿಟ್ಟು ಮಾಡಿಕೊಳ್ಳುವುದು ಕಷ್ಟವಿತ್ತು. ಅಂಜಿನಕ್ಕ ಆ ಕಷ್ಟವನ್ನು ಪಟ್ಟಳು.

ಹೊಸ ಮಂತ್ರಿಗಳು ಎರಡು ಮಾತಾಡಬೇಕೆಂದು ಅವರೇ ಕರೆದರು. ಅಂಜಿನಕ್ಕ ಎದ್ದು ನಿಂತು ಚೀಲದಿಂದ ಕಟ್ಟು ತೆಗೆದಳು.

"ನಾನು ಮಂತ್ರಿ ಆಗಿದ್ದು ಹೆಂಗಂತ ಓದ್ತೀನಿ, ಕೇಳ್ರಿ. ಜಂಬಯ್ಯನವರು: ೭೧ರಿಂದ ೬೩. ನಾನು: ೭೮ರಿಂದ ೬೬. ಜಂಬಯ್ಯನವರು: ೬೩ರಿಂದ ೭೧. ನಾನು: ೬೬ರಿಂದ ೭೮. ಜಂಬಯ್ಯನವರು: ೭೧ರಿಂದ ೬೩..."

ಮೊದಲು ಜನ ಅರ್ಥವಾಗದೆ ನೋಡಿದರು. ಆಮೇಲೆ ನಕ್ಕರು. ಅವಳು ನಿಲ್ಲಿಸಲಿಲ್ಲ. ಇಪ್ಪತ್ತನೆಯ ನಡೆಗೆ ನಗು ನಿಂತಿತು. ಮೂವತ್ತಕ್ಕೆ ಯಾರೋ ಕೆಮ್ಮಿದರು. ನಲವತ್ತಕ್ಕೆ ನಾಗೇಂದ್ರಪ್ಪನವರು, "ಸಾಕಮ್ಮ" ಎಂದರು.

"ನಿಮಗ ಒಂದು ಆಟಕ್ಕ ಸಾಕಾತು. ಇಂಥಾವು ಹತ್ತು ಅದಾವ್ರಿ. ಪ್ರತಿ ನಡಿಗೂ ನೀವು ಅಂಕ ಕೊಟ್ಟೀರಿ. ಒಂದಾ ಒಂದು ಕಾಲಾಳು ಸರದಿಲ್ಲ, ಒಂದು ಕಾಯಿ ಸತ್ತಿಲ್ಲ, ನಾವಿಬ್ರೂ ಮಂತ್ರಿ! ನಾಕು ದಿನ ನಿದ್ದಿಗೆಟ್ಟು ಆಡಿದಾಗ ಒಂಟಿಯಾಗಿದ್ದೆ, ಅವ್ವನ್ನ ನೋಡ್ಕೊಂಡೆ ಅಂತ ಕಿತ್ಗೊಂಡ್ರಿ. ಕುದುರಿ ಕುಣಿಸಿದ್ದಕ್ಕ ಮಂತ್ರಿ ಮಾಡಿದ್ರಿ. ಇದೆಂಥಾ ನ್ಯಾಯ್ರೀ?"

ನಾಗೇಂದ್ರಪ್ಪನವರು ಕನ್ನಡಕ ತೆಗೆದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಕೇಳಮ್ಮ ಇಲ್ಲಿ. ಮೊದಲಿನ ಕಟ್ಟಳೆ ಇದ್ದಾಗ ಎರಡು ಸಲ ಸೋತವರು ಬರೆಯೋದೇ ಬಿಡ್ತಿದ್ರು. ವರ್ಷಕ್ಕೆ ಹದಿನೈದು ಜನ ಬಿಟ್ಟು ಹೋಗೋರು. ಈಗ ಒಬ್ಬರೂ ಬಿಟ್ಟಿಲ್ಲ. ಕಾರ್ಡು ಓಡಾಡ್ತಾವೆ. ಮಂಡಳಿ ಉಳೀಬೇಕಲ್ಲ?"

ಇದು ಸುಳ್ಳಲ್ಲವೆಂದು ಅಂಜಿನಕ್ಕನಿಗೂ ಗೊತ್ತಾಯಿತು. ಕಾರ್ಡಿನ ಕಟ್ಟನ್ನು ಕೆಳಗಿಟ್ಟಳು.

"ಸೋತವ್ರು ಯಾಕ ಹೋಗ್ತಾರ ಅಂತ ಕೇಳಿದ್ರೇನು? ಸೋತವಗ ಎಲ್ಲಿ ತಪ್ಪಿದೆ ಅಂತ ಯಾರರ ಹೇಳಿದ್ರ ಇರ್ತಾನ. ಮುಂದಿನ ಸಲ ಗೆಲ್ಲಬಹುದು ಅನ್ನಿಸಿದ್ರ ಇರ್ತಾನ. ನೀವು ಅದನ್ನ ಮಾಡಲಿಲ್ಲ. ಸೋಲನ್ನಾ ಅಳಿಸಿಬಿಟ್ರಿ. ಸೋಲು ಇಲ್ಲದ ಮ್ಯಾಲೆ ಗೆಲುವು ಎಲ್ಲಿಂದ ಬರ್ತೈತಿ?"

ಆಗ ಹಿಂದಿನ ಸಾಲಿನಿಂದ ಒಬ್ಬ ಸಣ್ಣ ಆಳು ಎದ್ದು ಹೊರಗೆ ನಡೆದ. ಅವನೇ ಮಂಜಣ್ಣ ಎಂದು ಯಾರೋ ಪಿಸುಗುಟ್ಟಿದರು.

ಸಭೆ ಚಹಾಕ್ಕೆ ಎದ್ದಾಗ ಅಂಜಿನಕ್ಕ ಅವನನ್ನು ಹುಡುಕಿಕೊಂಡು ಹೋದಳು. ಐವತ್ತು ದಾಟಿದ ಆತ ಹಗರಿಬೊಮ್ಮನಹಳ್ಳಿಯ ಒಂದು ಹತ್ತಿ ಮಿಲ್ಲಿನ ಗೇಟು ಕಾಯುವವನು. ಜಗಲಿಯ ತುದಿಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ.

"ನನ್ನಾ ಅಂದ್ರಲ್ರಿ ಅಕ್ಕಾರ, ಎಲ್ಲರ ಮುಂದ" ಎಂದ.

"ನಿಮ್ಮ ಹೆಸರು ತಗೀಲಿಲ್ಲ ನಾನು."

"ತಗೀಬೇಕಂತೇನಿಲ್ಲ. ನನಗ ಆಟ ಬರಂಗಿಲ್ರಿ. ಗೇಟಿನಾಗ ಒಬ್ಬನಾ ಕುಂತಿರ್ತೀನಿ. ಈ ಮಂಡಳಿ ಸೇರೋಕಿಂತ ಮೊದಲ ನನ್ನ ಹೆಸರಿಗೆ ಒಂದು ಕಾಗದ ಬಂದಿದ್ದಿಲ್ಲ. ಆಟ ಮುಗೀತಂದ್ರ ಕಾರ್ಡು ನಿಲ್ತಾವ. ಅದಕ್ಕ ಮುಗಿಸ್ತಿರಲಿಲ್ಲ."

ಅಂಜಿನಕ್ಕ ಜಗಲಿಯ ಮೇಲೆ ಅವನ ಪಕ್ಕ ಕೂತಳು. ಆದರೆ ಸಿಟ್ಟು ಕಡಿಮೆಯಾಗಲಿಲ್ಲ, ಅದು ತಿರುಗಿ ಪಡಸಾಲೆಯ ಕಡೆಗೇ ಹರಿಯಿತು. "ಮಂಜಣ್ಣಾರ, ಕಾರ್ಡು ಬೇಕಂದ್ರ ಬರೀರಿ, ನಾನೂ ಬರೀತೀನಿ. ಅದಕ್ಕ ನಿಮ್ಮನ್ನ ಆನಿ ಅಂತ ಯಾಕ ಕರೀಬೇಕು? ಆನಿ ಅಂತ ಕರದು ನಿಮಗ ಆಟ ಕಲಿಸೋದನ್ನ ತಪ್ಪಿಸ್ಯಾರಲ್ಲ, ಅದು ನಿಮಗ ಮಾಡಿದ ಮೋಸ. ನಿಮಗ ಸಿಟ್ಟು ಬರಬೇಕಾದ್ದು ನನ್ನ ಮ್ಯಾಲಲ್ಲ."

ಮಂಜಣ್ಣ ಬಸ್ ನಿಲ್ದಾಣದ ಕಡೆ ಹೋದ.

ಸಂಜೆಯ ಹೊತ್ತಿಗೆ ಸೇವಾಂಕ ರದ್ದಾಯಿತು. ಕೈಯೆತ್ತಿದವರಲ್ಲಿ ನಾಗೇಂದ್ರಪ್ಪನವರೂ ಇದ್ದರು. ಆದರೆ ಮೇಲಿನವರು ಒಲ್ಲೆ ಎನ್ನಬಹುದೆಂಬ ಸಾಲು ಉಳಿಯಿತು. ಹಳೆಯ ಮಂತ್ರಿಗಳು ಮೂವರೂ ಅದು ಹಿರಿಯರ ಮರ್ಯಾದೆಯ ಪ್ರಶ್ನೆ ಎಂದರು. ಈಗ ಮಂತ್ರಿಯಾಗಿರುವ ನಿಮಗೂ ಅದರಿಂದ ಅನುಕೂಲವೇ ಅಲ್ಲವೇ ಎಂದು ಒಬ್ಬರು ಅಂಜಿನಕ್ಕನ ಕಡೆ ನೋಡಿ ನಕ್ಕರು.

ಆ ನಗೆ ಅವಳನ್ನು ಕೊಟ್ಟೂರಿನವರೆಗೂ ಬಸ್ಸಿನಲ್ಲಿ ಚುಚ್ಚಿತು. "ಮ್ಯಾಲೆ ಕುಂತವರು ಒಳಗಿಂದ ಚಿಲಕ ಹಾಕ್ಕೊಂಡಾರ, ನನಗೂ ಒಳಗ ಬಾ ಅಂತಾರ" ಎಂದು ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೆ ಹೇಳಿದಳು. ಆಕೆ ಯಾವುದೋ ಮನೆ ಪಾಲಿನ ಜಗಳವೆಂದುಕೊಂಡು ಹೌದೌದು ಎಂದಳು.

ಮರುದಿನವೇ ಅಂಜಿನಕ್ಕ ನಾಗೇಂದ್ರಪ್ಪನವರಿಗೆ ಎರಡು ಸಾಲು ಬರೆದಳು: ‘ನನ್ನನ್ನು ಕಾಲಾಳುಗಳ ಸಾಲಿಗೆ ಇಳಿಸಿ. ಅಲ್ಲಿ ಯಾರು ಯಾರನ್ನು ಕರೆದರೂ ಆಡುತ್ತಾರೆ.’ ಅದರ ನಕಲನ್ನು ಜಂಬಯ್ಯನಿಗೂ ತಾನು ಆಡುತ್ತಿದ್ದ ಉಳಿದವರಿಗೂ ಕಳಿಸಿದಳು. ಜಂಬಯ್ಯ ಮೊದಲು ಇಳಿದ. ಕೂಡ್ಲಿಗಿಯ ಹುಡುಗ ಆಗಿನ್ನೂ ಕುದುರೆಯಾಗಿದ್ದ, ಅವನೂ ಇಳಿದ. ಹಡಗಲಿಯ ಮಾಸ್ತರರು ಆನೆಯಿಂದ ನೇರ ಕೆಳಗೆ ಬಂದರು. ಮಿಕ್ಕವರೂ ಒಬ್ಬೊಬ್ಬರಾಗಿ ಅವರನ್ನು ಹಿಂಬಾಲಿಸಿದರು. ಫೆಬ್ರವರಿಯ ಪಟ್ಟಿಯಲ್ಲಿ ಕಾಲಾಳುಗಳ ಸಾಲು ಹಾಳೆ ತುಂಬಿ ಹಿಂಬದಿಗೆ ಹರಿದಿತ್ತು. ಮೇಲೆ ಮೂವರು ಮಂತ್ರಿಗಳು ಮಾತ್ರ ಉಳಿದಿದ್ದರು. ಅವರು ತಮ್ಮತಮ್ಮಲ್ಲೇ ಆಡುತ್ತಿದ್ದರು. ಆ ಮೂವರಲ್ಲಿ ನಾಗೇಂದ್ರಪ್ಪನವರೂ ಒಬ್ಬರು.

ಆಗಸ್ಟಿನಲ್ಲಿ ಅವರ ಕಾರ್ಡು ಬಂತು. ನೀಟಾದ, ನಕ್ಷೆ ಬರೆದಂಥ ಅಕ್ಷರ. ‘ಇಲ್ಲಿ ಮೇಲೆ ಬಹಳ ಬೇಸರವಾಗಿದೆ. ನಾನೂ ಇಳಿದಿದ್ದೇನೆ. ಆಡುವಿರಾ? ೫೨–೫೪.’

ಆ ಆಟದಲ್ಲಿ ಅಂಜಿನಕ್ಕ ಸೋತಳು. ಐವತ್ತೊಂದು ನಡೆ, ಒಂಬತ್ತು ತಿಂಗಳು. ಎಲ್ಲಿ ತಪ್ಪಿದ್ದೆಂದು ಕೇಳಿದ್ದಕ್ಕೆ ಅವರು ಎರಡು ಕಾರ್ಡಿನ ತುಂಬ ವಿವರಿಸಿದರು. ಆಮೇಲೆ ಮಂಡಳಿಯಲ್ಲಿ ಅದೇ ರೂಢಿಯಾಯಿತು, ಗೆದ್ದವರು ಸೋತವರಿಗೆ ಬರೆಯಬೇಕೆಂದು. ಒಲ್ಲೆ ಎನ್ನುವ ಸಾಲನ್ನು ಯಾರೂ ಹೊಡೆದುಹಾಕಲಿಲ್ಲ, ಅದು ತಾನೇ ಸತ್ತುಹೋಯಿತು.

ಮಂಜಣ್ಣ ಒಂದು ವರ್ಷ ಬರೆಯಲೇ ಇಲ್ಲ. ಆಮೇಲೆ ಒಂದು ದಿನ ಅವನ ಕಾರ್ಡು ಬಂತು, ನಡೆ ಇಲ್ಲದೆ: ‘ಕಲಿಸ್ತೀನಿ ಅಂದಿದ್ರಿ.’ ಅವಳು ಹಾಗೆ ಅಂದಿರಲಿಲ್ಲ. ಆದರೂ ಕಲಿಸಿದಳು. ಅವಳೇನು ಮೆತ್ತಗೆ ಕಲಿಸುವವಳಲ್ಲ. ‘ಆನೆ ಮೂಲೆಯಲ್ಲಿ ಏನು ಮಾಡುತ್ತಿದೆ?’ ‘ಇದೇನು ನಡೆಯೋ, ನಿದ್ದೆಗಣ್ಣಿನಲ್ಲಿ ಬರೆದದ್ದೋ?’ ೮೬ರ ದಸರೆಗೆ ಅವನು ಕೂಡ್ಲಿಗಿಯ ಒಬ್ಬನನ್ನು ಗೆದ್ದ. ಇಡೀ ಆಟವನ್ನು ಬರೆದು ಕಳಿಸಿದ, ನಾಲ್ಕು ಕಾರ್ಡಿನಲ್ಲಿ.

ಮರುವರ್ಷ ನಾಗೇಂದ್ರಪ್ಪನವರು ಪಟ್ಟಿಯಲ್ಲಿ ಒಂದು ಹೊಸ ವಿಚಾರ ಪ್ರಕಟಿಸಿದರು: ಸತತ ಐದು ವರ್ಷ ಸದಸ್ಯರಾಗಿ ಉಳಿದವರ ಹೆಸರಿನ ಮುಂದೆ ಒಂದು ನಕ್ಷತ್ರದ ಗುರುತು ಹಾಕಲಾಗುವುದು, ನಕ್ಷತ್ರವಿದ್ದವರಿಗೆ ಎದುರಾಳಿಯನ್ನು ಆರಿಸಿಕೊಳ್ಳುವ ಮೊದಲ ಹಕ್ಕು. ಅಂಜಿನಕ್ಕನಿಗೂ ಒಂದು ನಕ್ಷತ್ರ ಬರುವುದಿತ್ತು. ಅವಳು ಪಟ್ಟಿ ಓದಿ ಮುಗಿಸುವ ಮೊದಲೇ ಕಾರ್ಡಿನ ಕಟ್ಟು ಎಳೆದುಕೊಂಡಳು. ಎರಡನೆಯ ಕಾರ್ಡು ಬರೆಯುವಷ್ಟರಲ್ಲಿ ಒಲೆಯ ಮೇಲೆ ಬೇಳೆ ಉಕ್ಕಿ ಹರಿಯಿತು. "ಉಕ್ಕಲಿ ಬಿಡ್ರೇ" ಎಂದು ಹುಡುಗಿಯರಿಗೆ ಹೇಳಿ, ಮೂರನೆಯದಕ್ಕೆ ಕೈಹಾಕಿದಳು.